ಅಂತರರಾಜ್ಯ ಮಂಡಳಿಯ ಸಭೆ ಕರೆಯಲು ಇನ್ನೆಷ್ಟು ವರ್ಷ ಕಾಯಬೇಕು?

ಮಾನ್ಯ ಸಂಪಾದಕರೇ,

ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆಯ ಬಗ್ಗೆ ಕನ್ನಡದ ಪತ್ರಿಕೆಗಳಲ್ಲಿ ಕೆಲವು ವರ್ಷಗಳಿಂದ ಎಡೆಬಿಡದೆ ಚರ್ಚೆ ನಡೆಯುತ್ತಿದೆ. ಕೇಂದ್ರ ಬಜೆಟ್ ಮಂಡನೆಯಾದ ಮರುದಿನ ಕರ್ನಾಟಕದ ಪಾಲಿಗೆ ಬಂದದ್ದೆಷ್ಟು ಎಂಬ ಲೆಕ್ಕ ಹೊರಬರುತ್ತದೆ. ಬರ ಅಥವಾ ನೆರೆ ಬಂದಾಗ ಪರಿಹಾರದ ಮೊತ್ತದ ಬಗ್ಗೆ ಆರೋಪ, ಪ್ರತ್ಯಾರೋಪ ಶುರುವಾಗುತ್ತವೆ. ವಿಧೇಯಕವೊಂದು ರಾಜಭವನದಲ್ಲಿ ಉಳಿದುಕೊಂಡಾಗ ರಾಜ್ಯಪಾಲರ ಹುದ್ದೆಯೇ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಎರಡು ಮೂರು ವಾರಗಳಲ್ಲಿ ಇದೆಲ್ಲ ಪಕ್ಷಗಳ ನಡುವಿನ ವಾಗ್ವಾದವಾಗಿ ತಣ್ಣಗಾಗುತ್ತದೆ. ಯಾರಿಗೆ ಎಷ್ಟು ಅಧಿಕಾರ, ಯಾರಿಗೆ ಎಷ್ಟು ಹಣ ಎಂಬ ಪ್ರಶ್ನೆಗಳ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಬಿಟ್ಟುಹೋಗುತ್ತಿದೆ. ಕೇಂದ್ರ ಮತ್ತು ಎಲ್ಲ ರಾಜ್ಯಗಳು ಒಟ್ಟಿಗೆ ಕುಳಿತು ಇಂತಹ ವಿಷಯಗಳನ್ನು ಮಾತನಾಡಿ ತೀರ್ಮಾನಕ್ಕೆ ಬರಬೇಕಾದ ಸ್ಥಳ ಯಾವುದು? ಸಂವಿಧಾನವೇ ಅಂತಹದೊಂದು ಸ್ಥಳವನ್ನು ಕಲ್ಪಿಸಿದೆ. 263ನೇ ವಿಧಿಯ ಅಡಿ ರಚನೆಯಾದ ಅಂತರರಾಜ್ಯ ಮಂಡಳಿ ಅದು. ಅದರ ಕೊನೆಯ ಸಭೆ ನಡೆದದ್ದು 2016ರ ಜುಲೈ 16ರಂದು.

ಈ ಮಂಡಳಿಯ ಇತಿಹಾಸದಲ್ಲಿ ಕರ್ನಾಟಕದ ಪಾತ್ರ ದೊಡ್ಡದು ಎಂಬುದನ್ನು ಇಂದಿನ ತರುಣ ಓದುಗರಿಗೆ ನೆನಪಿಸಬೇಕು. 1983ರ ಮಾರ್ಚ್‌ನಲ್ಲಿ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳ ಸಭೆಯನ್ನು ಬೆಂಗಳೂರಿನಲ್ಲಿ ಕರೆದರು. ಬೇರೆ ಬೇರೆ ಪಕ್ಷಗಳ ಎಂ.ಜಿ. ರಾಮಚಂದ್ರನ್, ಎನ್.ಟಿ. ರಾಮರಾವ್ ಅವರಂತಹ ನಾಯಕರು ಅದರಲ್ಲಿ ಪಾಲ್ಗೊಂಡರು. ಅದಾದ ಕೆಲವೇ ದಿನಗಳಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು ನ್ಯಾಯಮೂರ್ತಿ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿದರು. ಆ ಆಯೋಗದ ಮುಖ್ಯ ಶಿಫಾರಸುಗಳಲ್ಲಿ ಒಂದು, ಕಾಯಂ ಸ್ವರೂಪದ ಅಂತರರಾಜ್ಯ ಮಂಡಳಿಯನ್ನು ರಚಿಸಬೇಕು ಎಂಬುದು. 263ನೇ ವಿಧಿಯಲ್ಲಿ ಹೇಳಿದ ಆ ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1990ರ ಮೇ ತಿಂಗಳಲ್ಲಿ, ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ರಾಷ್ಟ್ರಪತಿಗಳ ಆದೇಶ ಹೊರಬಿದ್ದಾಗ.

ಆ ಆದೇಶದ ಪ್ರಕಾರ ಪ್ರಧಾನಿ ಮಂಡಳಿಯ ಅಧ್ಯಕ್ಷರು. ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳು ಮತ್ತು ಕೇಂದ್ರ ಸಂಪುಟದ ಆರು ಸಚಿವರು ಸದಸ್ಯರು. ವರ್ಷಕ್ಕೆ ಕನಿಷ್ಠ ಮೂರು ಬಾರಿ ಸಭೆ ಸೇರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗೆ ಸೇರಿದ್ದರೆ 2016ರ ವೇಳೆಗೇ ಎಪ್ಪತ್ತಕ್ಕೂ ಹೆಚ್ಚು ಸಭೆಗಳು ನಡೆದಿರಬೇಕಿತ್ತು. ನಡೆದವು ಹನ್ನೊಂದು. ಹತ್ತನೆಯ ಸಭೆ 2006ರ ಡಿಸೆಂಬರ್‌ನಲ್ಲಿ, ಹನ್ನೊಂದನೆಯದು ಅದಾಗಿ ಸುಮಾರು ಹತ್ತು ವರ್ಷಗಳ ನಂತರ. ಮನಮೋಹನ್ ಸಿಂಗ್ ನೇತೃತ್ವದ ಸರ್ಕಾರವೂ ನರೇಂದ್ರ ಮೋದಿ ನೇತೃತ್ವದ ಸರ್ಕಾರವೂ ಈ ವಿಷಯದಲ್ಲಿ ಒಂದೇ ರೀತಿ ನಡೆದುಕೊಂಡಿವೆ. ಆದ್ದರಿಂದ ಇದನ್ನು ಒಂದು ಪಕ್ಷದ ವಿರುದ್ಧದ ದೂರೆಂದು ಯಾರೂ ಭಾವಿಸಬಾರದು. ಇನ್ನೊಂದು ವೇದಿಕೆಯಾಗಿದ್ದ ರಾಷ್ಟ್ರೀಯ ಅಭಿವೃದ್ಧಿ ಮಂಡಳಿ 2012ರ ಡಿಸೆಂಬರ್ ನಂತರ ಸೇರಿಲ್ಲ. ಯೋಜನಾ ಆಯೋಗದ ಜಾಗಕ್ಕೆ 2015ರಲ್ಲಿ ಬಂದ ನೀತಿ ಆಯೋಗದ ಆಡಳಿತ ಮಂಡಳಿಯಲ್ಲಿ ಮುಖ್ಯಮಂತ್ರಿಗಳು ಮಾತನಾಡಬಹುದು, ಆದರೆ ಆ ಆಯೋಗಕ್ಕೆ ಹಣ ಹಂಚುವ ಅಧಿಕಾರವಿಲ್ಲ. ಅಕ್ಕಪಕ್ಕದ ರಾಜ್ಯಗಳು ಸೇರುವ ವಲಯ ಮಂಡಳಿಗಳು ಗಡಿ, ವಿದ್ಯುತ್, ಸಾರಿಗೆಯಂತಹ ವಿಷಯಗಳಿಗೆ ಉಪಯುಕ್ತ. ಅವುಗಳಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು.

ಮಾತನಾಡುವ ಸ್ಥಳ ಇಲ್ಲದಾಗ ರಾಜ್ಯಗಳು ಎಲ್ಲಿಗೆ ಹೋಗುತ್ತವೆ? ಬೀದಿಗೆ, ಇಲ್ಲವೇ ನ್ಯಾಯಾಲಯಕ್ಕೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ತಮ್ಮ ಸಂಪುಟ ಮತ್ತು ಶಾಸಕರೊಂದಿಗೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಮುಂದಿನ ತಿಂಗಳು ಬರ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೊರೆಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ; ನ್ಯಾಯಾಲಯದಲ್ಲಿ ಅರ್ಜಿ ಇರುವಾಗಲೇ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,450 ಕೋಟಿ. ಕೇಳಿದ ಮೊತ್ತ ಸರಿಯೋ ಕೊಟ್ಟ ಮೊತ್ತ ಸರಿಯೋ ಎಂಬುದನ್ನು ನಾನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಬೆಳೆ ಒಣಗಿದ ರೈತ ಮುಂಗಾರು ಕಳೆದು, ಹಿಂಗಾರು ಕಳೆದು, ಬೇಸಿಗೆಯವರೆಗೆ ಕಾಯಬೇಕಾಯಿತು ಎಂಬುದಷ್ಟೇ ನನ್ನನ್ನು ಕಾಡುವ ಸಂಗತಿ. ಅದೇ ಸಮಯದಲ್ಲಿ ಕೇರಳವು ಸಾಲದ ಮಿತಿಯ ವಿಷಯದಲ್ಲಿ ಕೇಂದ್ರದ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ರಾಜ್ಯಕ್ಕೆ ಅವಕಾಶ ಕೊಡುವ 131ನೇ ವಿಧಿಯಡಿ ದಾವೆ ಹೂಡಿತ್ತು. ಅದು ಸಂವಿಧಾನ ಪೀಠಕ್ಕೆ ವರ್ಗವಾಯಿತು. ಒಂದು ಹಣಕಾಸು ವರ್ಷದೊಳಗೆ ಉತ್ತರ ಸಿಗಬೇಕಾದ ಪ್ರಶ್ನೆಯನ್ನು ವರ್ಷಗಟ್ಟಲೆ ನಡೆಯುವ ವಿಚಾರಣೆಗೆ ಒಪ್ಪಿಸುವುದು ಯಾರಿಗೂ ಹಿತವಲ್ಲ, ನ್ಯಾಯಾಲಯಕ್ಕೂ ಹಿತವಲ್ಲ.

ಕೋವಿಡ್ ಎರಡನೆಯ ಅಲೆಯ ದಿನಗಳು ಇದಕ್ಕಿಂತ ಕಠೋರವಾದ ಪಾಠ ಕಲಿಸಿದವು. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯ ಪಟ್ಟಿಯ ವಿಷಯ, ಅಂದರೆ ಅದರ ಬಗ್ಗೆ ಕಾನೂನು ಮಾಡುವ ಅಧಿಕಾರ ರಾಜ್ಯಗಳದು. ಆದರೆ ಲಸಿಕೆಯ ತಯಾರಿಕೆ, ಅನುಮತಿ, ಆಮದು ಎಲ್ಲವೂ ಕೇಂದ್ರದ ಹಿಡಿತದಲ್ಲಿದ್ದವು. 2021ರ ಮೇ 1ರಿಂದ 18ರಿಂದ 44 ವರ್ಷದವರಿಗೆ ಬೇಕಾದ ಲಸಿಕೆಯನ್ನು ರಾಜ್ಯಗಳೇ ಕೊಳ್ಳಬೇಕೆಂಬ ನೀತಿ ಜಾರಿಗೆ ಬಂತು. ಕೇಂದ್ರಕ್ಕೆ 150 ರೂಪಾಯಿಗೆ ಸಿಗುತ್ತಿದ್ದ ಅದೇ ಕೋವಿಶೀಲ್ಡ್ ರಾಜ್ಯಗಳಿಗೆ 300 ರೂಪಾಯಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಒಂದರ ಎದುರು ಒಂದು ಜಾಗತಿಕ ಟೆಂಡರ್ ಕರೆದವು, ಅವುಗಳಿಂದ ಲಸಿಕೆ ಬರಲಿಲ್ಲ. ಸುಪ್ರೀಂ ಕೋರ್ಟ್ ಆ ನೀತಿಯನ್ನು ಮೇಲ್ನೋಟಕ್ಕೆ ಮನಸೋಇಚ್ಛೆಯದೂ ತರ್ಕರಹಿತವೂ ಎಂದು ಕರೆಯಿತು. ಜೂನ್ 21ರಿಂದ ಕೇಂದ್ರವೇ ಖರೀದಿಯ ಹೊಣೆಯನ್ನು ಮತ್ತೆ ತನ್ನ ಮೇಲೆ ತೆಗೆದುಕೊಂಡಿತು. ಮುಖ್ಯಮಂತ್ರಿಗಳೊಂದಿಗೆ ಪ್ರಧಾನಿಯ ವಿಡಿಯೊ ಸಭೆಗಳು ಆಗ ನಡೆದವು ನಿಜ. ಆದರೆ ಸಭೆಯ ಕಾರ್ಯಸೂಚಿಯನ್ನು ಒಬ್ಬರೇ ನಿರ್ಧರಿಸುವ, ನಿರ್ಣಯಗಳ ದಾಖಲೆ ಇಲ್ಲದ, ಒಪ್ಪದವರ ಮಾತಿಗೆ ಯಾವ ಸ್ಥಾನವೂ ಇಲ್ಲದ ಸಂವಾದವು ಸಂವಿಧಾನಾತ್ಮಕ ಮಂಡಳಿಯ ಜಾಗವನ್ನು ತುಂಬಲಾರದು. ಆ ಏಳು ವಾರಗಳ ಬೆಲೆಯನ್ನು ತೆತ್ತವರು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತಿದ್ದ ಜನ.

ಕೃಷಿ ಕಾಯ್ದೆಗಳ ಕಥೆಯೂ ಇದೇ. ಕೃಷಿ ಮತ್ತು ಮಾರುಕಟ್ಟೆ ರಾಜ್ಯ ಪಟ್ಟಿಯಲ್ಲಿವೆ. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಅದರ ಬಗ್ಗೆ ಕೇಂದ್ರವೂ ರಾಜ್ಯಗಳೂ ಕಾನೂನು ಮಾಡಬಹುದು. ಆ ಎರಡನೆಯ ನಮೂದನ್ನು ಆಧಾರವಾಗಿಟ್ಟುಕೊಂಡು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಗಳು ಬಂದವು, ಸೆಪ್ಟೆಂಬರ್‌ನಲ್ಲಿ ಕಾಯ್ದೆಗಳಾದವು, ಮರುವರ್ಷದ ನವೆಂಬರ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕಾನೂನು ಮಾಡುವ ಮುನ್ನ ರಾಜ್ಯಗಳೊಂದಿಗೆ ಸಮಾಲೋಚಿಸಬೇಕು ಎಂದು ಸರ್ಕಾರಿಯಾ ಆಯೋಗ ಆ ಹೊತ್ತಿಗೆ ಮೂರು ದಶಕಗಳ ಹಿಂದೆಯೇ ಹೇಳಿತ್ತು. ಕಾಯ್ದೆಗಳು ಒಳ್ಳೆಯವಾಗಿದ್ದವು ಎನ್ನುವವರೂ ಕೆಟ್ಟವಾಗಿದ್ದವು ಎನ್ನುವವರೂ ಒಂದು ಮಾತನ್ನು ಒಪ್ಪಬಹುದು: ರಾಜ್ಯಗಳ ಮುಂದೆ ಮೊದಲೇ ಇಟ್ಟು ಚರ್ಚಿಸಿದ್ದರೆ ಲೋಪಗಳು ಆಗಲೇ ಬೆಳಕಿಗೆ ಬರುತ್ತಿದ್ದವು, ರೈತರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಚಳಿ ಮಳೆಯಲ್ಲಿ ಕೂರುವ ಸ್ಥಿತಿ ಬರುತ್ತಿರಲಿಲ್ಲ. ಸಮವರ್ತಿ ಪಟ್ಟಿ ಬೆಳೆದ ರೀತಿಯನ್ನೂ ಗಮನಿಸಬೇಕು. ಶಿಕ್ಷಣ, ಅರಣ್ಯ, ವನ್ಯಜೀವಿ ಸಂರಕ್ಷಣೆ, ತೂಕ ಮತ್ತು ಅಳತೆ, ನ್ಯಾಯಾಡಳಿತ ಎಂಬ ಐದು ವಿಷಯಗಳು ರಾಜ್ಯ ಪಟ್ಟಿಯಿಂದ ಅಲ್ಲಿಗೆ ಸರಿದದ್ದು 1976ರ 42ನೇ ತಿದ್ದುಪಡಿಯಿಂದ, ಅಂದರೆ ತುರ್ತು ಪರಿಸ್ಥಿತಿಯ ನಡುವೆ, ವಿರೋಧ ಪಕ್ಷದ ಅನೇಕ ನಾಯಕರು ಸೆರೆಮನೆಯಲ್ಲಿದ್ದಾಗ. ನಂತರ ಬಂದ ಜನತಾ ಸರ್ಕಾರ ಆ ತಿದ್ದುಪಡಿಯ ಹಲವು ಭಾಗಗಳನ್ನು ಸರಿಪಡಿಸಿತು, ಆದರೆ ಈ ಬದಲಾವಣೆ ಹಾಗೆಯೇ ಉಳಿಯಿತು. ವೈದ್ಯಕೀಯ ಪ್ರವೇಶ ಪರೀಕ್ಷೆಯ ಬಗ್ಗೆ ಇಂದು ನಾವು ನಡೆಸುತ್ತಿರುವ ವಾದದ ಬೇರು ಇರುವುದು ಅಲ್ಲಿ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಈ ಚರ್ಚೆಯಲ್ಲಿ ಎದ್ದುಕಾಣುವ ಅಂಕಿಯೊಂದು, ಅದರ ಹಿಂದಿರುವ ಮುಖ್ಯ ಸಂಗತಿಯನ್ನು ಮರೆಮಾಡುತ್ತಿದೆ. 13ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಶೇ 32 ಪಾಲು ಕೊಟ್ಟಿತ್ತು, ವೈ.ವಿ. ರೆಡ್ಡಿ ಅಧ್ಯಕ್ಷತೆಯ 14ನೇ ಆಯೋಗ ಅದನ್ನು ಶೇ 42ಕ್ಕೆ ಏರಿಸಿತು. 15ನೇ ಆಯೋಗ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಕಾರಣಕ್ಕೆ ಅದನ್ನು ಶೇ 41 ಮಾಡಿತು. ಓದಿದವರಿಗೆ ನೂರು ರೂಪಾಯಿ ಸಂಗ್ರಹವಾದರೆ ನಲವತ್ತೊಂದು ರೂಪಾಯಿ ರಾಜ್ಯಗಳಿಗೆ ಬರುತ್ತದೆ ಎನ್ನಿಸುತ್ತದೆ. ಹಾಗೆ ಬರುವುದಿಲ್ಲ. 2000ನೇ ಇಸವಿಯ 80ನೇ ತಿದ್ದುಪಡಿ ಕೇಂದ್ರದ ಎಲ್ಲ ತೆರಿಗೆಗಳನ್ನೂ ಹಂಚಿಕೆಯ ವ್ಯಾಪ್ತಿಗೆ ತಂದಿತು, ಅದೊಂದು ಒಳ್ಳೆಯ ಸುಧಾರಣೆ. ಅಲ್ಲಿಯವರೆಗೆ ಕಾರ್ಪೊರೇಟ್ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲೇ ಇರಲಿಲ್ಲ. ಆದರೆ ಅದೇ ತಿದ್ದುಪಡಿ ನಿರ್ದಿಷ್ಟ ಉದ್ದೇಶಕ್ಕೆಂದು ವಿಧಿಸುವ ಸೆಸ್ ಮತ್ತು ತೆರಿಗೆಯ ಮೇಲೆ ಹೆಚ್ಚುವರಿಯಾಗಿ ವಿಧಿಸುವ ಸರ್‌ಚಾರ್ಜ್‌ಗಳನ್ನು ಹೊರಗಿಟ್ಟಿತು. ಆಗ ಅವು ಸಣ್ಣ ಮೊತ್ತಗಳಾಗಿದ್ದರಿಂದ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 2011–12ರಲ್ಲಿ ಕೇಂದ್ರದ ಒಟ್ಟು ತೆರಿಗೆ ವರಮಾನದಲ್ಲಿ ಅವುಗಳ ಪ್ರಮಾಣ ಶೇ 10ರ ಆಸುಪಾಸಿನಲ್ಲಿತ್ತು. ಆ ದಶಕ ಮುಗಿಯುವ ವೇಳೆಗೆ ಅದು ಸುಮಾರು ಶೇ 20 ಮುಟ್ಟಿತು. ಹಣಕಾಸು ಆಯೋಗವು ಶಿಫಾರಸು ಮಾಡಿದ ಪಾಲು ಹಾಗೆಯೇ ಇದ್ದರೂ ಹಂಚಬೇಕಾದ ಮೊತ್ತವೇ ಕುಗ್ಗುತ್ತಾ ಹೋಯಿತು.

ಪೆಟ್ರೋಲ್ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. 2021ರ ಫೆಬ್ರುವರಿಯ ಬಜೆಟ್ ನಂತರ ಒಂದು ಲೀಟರ್ ಪೆಟ್ರೋಲ್ ಮೇಲೆ ಕೇಂದ್ರ ವಿಧಿಸುತ್ತಿದ್ದ ಸುಂಕ 32 ರೂಪಾಯಿ 90 ಪೈಸೆ. ಅದರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ 18 ರೂಪಾಯಿ, ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ಕೃಷಿ ಮೂಲಸೌಕರ್ಯದ ಸೆಸ್ ಎರಡೂವರೆ ರೂಪಾಯಿ. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ ಕೇವಲ 1 ರೂಪಾಯಿ 40 ಪೈಸೆ. ಅದರ ಶೇ 41 ಅಂದರೆ 57 ಪೈಸೆ ದೇಶದ ಎಲ್ಲ ರಾಜ್ಯಗಳಿಗೂ ಸೇರಿ. 15ನೇ ಆಯೋಗ ನಿಗದಿಪಡಿಸಿದ ಶೇ 3.647ರ ಲೆಕ್ಕದಲ್ಲಿ ಕರ್ನಾಟಕಕ್ಕೆ ದಕ್ಕುತ್ತಿದ್ದದ್ದು ಎರಡು ಪೈಸೆ. ಮುಂದೆ 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಒಟ್ಟು ಸುಂಕವನ್ನು 13 ರೂಪಾಯಿ ಇಳಿಸಲಾಯಿತು, ಆದರೆ ಹಂಚಿಕೆಗೆ ಒಳಪಡುವ 1 ರೂಪಾಯಿ 40 ಪೈಸೆ ಹಾಗೆಯೇ ಇತ್ತು. ರಾಜ್ಯ ಸರ್ಕಾರ ಪೆಟ್ರೋಲ್ ಮೇಲೆ ತನ್ನದೇ ಮಾರಾಟ ತೆರಿಗೆ ವಿಧಿಸುತ್ತದೆ, ಅದೂ ಕಡಿಮೆಯೇನಲ್ಲ, ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಆದರೆ ಅದು ಬೇರೆಯ ಅಧಿಕಾರ, ಬೇರೆಯ ಲೆಕ್ಕ. ಹಂಚಿಕೊಳ್ಳಬೇಕೆಂದು ಸಂವಿಧಾನ ಹೇಳಿದ ತೆರಿಗೆಯನ್ನು ಹಂಚಿಕೊಳ್ಳಬೇಕಿಲ್ಲದ ತೆರಿಗೆಯಾಗಿ ಮಾರ್ಪಡಿಸಿದಾಗ ಅದನ್ನು ಪ್ರಶ್ನಿಸುವ ವೇದಿಕೆ ಯಾವುದು ಎಂಬುದೇ ನನ್ನ ಪ್ರಶ್ನೆ.

ಸೆಸ್ ಎಂಬುದು ನಿರ್ದಿಷ್ಟ ಉದ್ದೇಶಕ್ಕೆ ಸಂಗ್ರಹಿಸುವ ಹಣ, ಆ ಉದ್ದೇಶಕ್ಕೇ ಖರ್ಚಾಗಬೇಕು. ಮಹಾಲೇಖಪಾಲರು 2018–19ರ ಲೆಕ್ಕಪತ್ರಗಳನ್ನು ಪರಿಶೀಲಿಸಿದಾಗ ಆ ವರ್ಷ ವಿವಿಧ ಸೆಸ್‌ಗಳಿಂದ ಬಂದ 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಆಯಾ ನಿಧಿಗಳಿಗೆ ವರ್ಗವಾದದ್ದು 1.64 ಲಕ್ಷ ಕೋಟಿ ಮಾತ್ರ ಎಂದು ತಿಳಿಸಿದರು. ಉಳಿದ ಹಣ ಕೇಂದ್ರದ ಸಂಚಿತ ನಿಧಿಯಲ್ಲೇ ಇತ್ತು. ಹಾಗಾದರೆ ಅದು ಸಾಮಾನ್ಯ ತೆರಿಗೆಗಿಂತ ಭಿನ್ನವಾಗುವುದು ಹೇಗೆ? ಸಾಮಾನ್ಯ ತೆರಿಗೆಯಂತೆಯೇ ಬಳಕೆಯಾಗುವ ಹಣದಲ್ಲಿ ರಾಜ್ಯಗಳಿಗೆ ಪಾಲು ಏಕಿಲ್ಲ? 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಕಡಿತಗೊಳಿಸಿದಾಗ ಕೇಂದ್ರವೇ ಅಂದಾಜಿಸಿದ ವರಮಾನ ನಷ್ಟ ವರ್ಷಕ್ಕೆ 1.45 ಲಕ್ಷ ಕೋಟಿ. ಹಂಚಿಕೆಯ ನಿಯಮದಂತೆ ಆ ನಷ್ಟದಲ್ಲಿ ರಾಜ್ಯಗಳಿಗೆ ದೊಡ್ಡ ಪಾಲಿತ್ತು, ತೀರ್ಮಾನದಲ್ಲಿ ಪಾಲಿರಲಿಲ್ಲ.

ಕರ್ನಾಟಕದಂತಹ ರಾಜ್ಯಗಳು ಬಡ ರಾಜ್ಯಗಳಿಗೆ ಕೊಡಲು ಹಿಂಜರಿಯುತ್ತಿವೆ ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಅದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಬಿಹಾರದ ಮಗುವಿಗೂ ಜಾರ್ಖಂಡ್‌ನ ಮಗುವಿಗೂ ಒಳ್ಳೆಯ ಶಾಲೆ ಸಿಗಬೇಕಾದದ್ದು ನಮ್ಮ ಹೊಣೆಯೂ ಹೌದು. ನಮ್ಮ ತೆರಿಗೆಯನ್ನು ಪೂರ್ತಿಯಾಗಿ ನಮಗೇ ಮರಳಿಸಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ವಾದವನ್ನು ಒಪ್ಪಿದರೆ ನಾಳೆ ಬೆಂಗಳೂರು ನಗರ ಜಿಲ್ಲೆ ಕಲಬುರಗಿ, ಯಾದಗಿರಿಗಳಿಗೆ ಅದನ್ನೇ ಹೇಳಬಹುದು. 15ನೇ ಆಯೋಗದ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ ನೂರರಲ್ಲಿ 45 ಅಂಕ ಕೊಟ್ಟದ್ದರ ಉದ್ದೇಶ ಒಳ್ಳೆಯದೇ. ಆದರೆ ಬೆಂಗಳೂರಿನ ಆದಾಯ ಸೇರಿಸಿ ತೆಗೆದ ಸರಾಸರಿ ರಾಯಚೂರಿನ ಸ್ಥಿತಿಯನ್ನು ಹೇಳುವುದಿಲ್ಲ. ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತ್ತು. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯಡಿ ವಿಶೇಷ ಸ್ಥಾನ ಕೊಡಬೇಕಾದದ್ದೂ ಆ ವಾಸ್ತವದಿಂದಲೇ. ಸೂತ್ರ ಬದಲಾದ ಒಂದೇ ಏಟಿಗೆ ರಾಜ್ಯದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಆ ಕುಸಿತ ತೀರಾ ಹೆಚ್ಚಾಯಿತೆಂದು ಸ್ವತಃ ಆಯೋಗವೇ 2020–21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಸೂಚಿಸಿತ್ತು, ಕೇಂದ್ರ ಅದನ್ನು ಒಪ್ಪಲಿಲ್ಲ. ಸಂವಿಧಾನಾತ್ಮಕ ಆಯೋಗವೊಂದರ ಶಿಫಾರಸನ್ನು ತಳ್ಳಿಹಾಕುವಾಗ ರಾಜ್ಯದ ಮುಂದೆ ಕುಳಿತು ಕಾರಣ ಹೇಳಬೇಕಾದ ಕಡ್ಡಾಯ ಎಲ್ಲೂ ಇಲ್ಲ. ಹಂಚಿಕೆಯ ಪ್ರಮಾಣದಷ್ಟೇ ಈ ಕೊರತೆಯೂ ನನಗೆ ಗಂಭೀರವಾಗಿ ಕಾಣುತ್ತದೆ.

ಬಲವಾದ ಕೇಂದ್ರ ಬೇಕೆಂಬ ವಾದವನ್ನೂ ಲಘುವಾಗಿ ಕಾಣುವಂತಿಲ್ಲ. ದೇಶ ವಿಭಜನೆಯಾಗಿ ಲಕ್ಷಾಂತರ ಜನ ನಿರಾಶ್ರಿತರಾಗಿದ್ದಾಗ, ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಗ್ಗೂಡಿಸುತ್ತಿದ್ದಾಗ ಸಂವಿಧಾನ ರಚನಾ ಸಭೆ ಕೇಂದ್ರಕ್ಕೆ ಹೆಚ್ಚಿನ ಅಧಿಕಾರ ಕೊಟ್ಟದ್ದು ವಿವೇಕದ ನಡೆ. ಆದರೆ ಡಾ. ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ, ಶಾಸನ ಮತ್ತು ಕಾರ್ಯಾಂಗದ ಅಧಿಕಾರಕ್ಕೆ ರಾಜ್ಯಗಳು ಕೇಂದ್ರವನ್ನು ಅವಲಂಬಿಸಿಲ್ಲ, ಈ ವಿಷಯದಲ್ಲಿ ಎರಡೂ ಸಮಾನ ಎಂದು ಸ್ಪಷ್ಟಪಡಿಸಿದ್ದರು. ರಾಜ್ಯಗಳ ದನಿಗೆ ರಾಜ್ಯಸಭೆ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ. ಒಂದು ರಾಜ್ಯದಿಂದ ರಾಜ್ಯಸಭೆಗೆ ಸ್ಪರ್ಧಿಸುವವರು ಆ ರಾಜ್ಯದ ಮತದಾರರಾಗಿರಬೇಕು ಎಂಬ ನಿಯಮವನ್ನು 2003ರಲ್ಲೇ ತೆಗೆದುಹಾಕಲಾಗಿದೆ, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸದಸ್ಯರು ಪಕ್ಷದ ವಿಪ್‌ಗೆ ಬದ್ಧರು. ಹಾಗಿರುವಾಗ ಅಲ್ಲಿ ಕೇಳಿಬರುವುದು ರಾಜ್ಯದ ದನಿಗಿಂತ ಹೆಚ್ಚಾಗಿ ಪಕ್ಷದ ದನಿ.

ಒಟ್ಟಿಗೆ ಕುಳಿತರೆ ಕೆಲಸ ಆಗುತ್ತದೆ ಎಂಬುದಕ್ಕೆ ಜಿಎಸ್‌ಟಿ ಮಂಡಳಿಯೇ ಸಾಕ್ಷಿ. ಅಲ್ಲಿ ಕೇಂದ್ರಕ್ಕೆ ಮೂರನೇ ಒಂದು ಭಾಗ, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡು ಭಾಗ ಮತದ ತೂಕ. ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗ ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗದು, ಬಹುಪಾಲು ರಾಜ್ಯಗಳು ಒಪ್ಪದೆಯೂ ಏನೂ ಆಗದು. 2016ರಿಂದ ಐವತ್ತಕ್ಕೂ ಹೆಚ್ಚು ಸಭೆಗಳು ನಡೆದಿವೆ. ಬೇರೆ ಬೇರೆ ಪಕ್ಷಗಳ ಹಣಕಾಸು ಸಚಿವರು ಗಂಟೆಗಟ್ಟಲೆ ವಾದಿಸಿದ ಮೇಲೆ ಬಹುತೇಕ ನಿರ್ಣಯಗಳು ಒಮ್ಮತದಿಂದಲೇ ಆಗಿವೆ. 2019ರ ಡಿಸೆಂಬರ್‌ನಲ್ಲಿ ಲಾಟರಿ ಮೇಲಿನ ತೆರಿಗೆಯ ವಿಷಯ ಬಂದಾಗ ಮೊದಲ ಬಾರಿಗೆ ಮತಕ್ಕೆ ಹಾಕಬೇಕಾಯಿತು. ಜಿಎಸ್‌ಟಿಯಿಂದ ರಾಜ್ಯಗಳಿಗಾಗುವ ವರಮಾನ ನಷ್ಟಕ್ಕೆ ಕೊಡಬೇಕಾದ ಪರಿಹಾರದ ಹಣ 2020ರಲ್ಲಿ ಸಾಲದೇ ಹೋದಾಗ ಅಲ್ಲಿ ಕಟುವಾದ ಮಾತುಗಳು ಕೇಳಿಬಂದವು, ಆದರೂ ಕೇಂದ್ರವೇ ಸಾಲ ಪಡೆದು ರಾಜ್ಯಗಳಿಗೆ ವರ್ಗಾಯಿಸುವ ದಾರಿಯನ್ನು ಕೊನೆಗೆ ಕಂಡುಕೊಳ್ಳಲಾಯಿತು. ಆ ಮಂಡಳಿಯ ಲೋಪಗಳು ಇಲ್ಲವೆಂದಲ್ಲ. ವ್ಯಾಜ್ಯಗಳನ್ನು ಬಗೆಹರಿಸಲು ಅದು ಒಂದು ವ್ಯವಸ್ಥೆ ರೂಪಿಸಬೇಕೆಂದು 279ಎ ವಿಧಿಯಲ್ಲೇ ಹೇಳಿದ್ದರೂ ಅದು ಇನ್ನೂ ರೂಪುಗೊಂಡಿಲ್ಲ. ಅಷ್ಟಾದರೂ ಅದು ನಡೆಯುತ್ತಿದೆ, ಏಕೆಂದರೆ ಅದು ನಿಯಮಿತವಾಗಿ ಸೇರುತ್ತದೆ ಮತ್ತು ಅಲ್ಲಿ ರಾಜ್ಯದ ಮಾತಿಗೆ ಲೆಕ್ಕಕ್ಕೆ ಸಿಗುವ ತೂಕವಿದೆ.

ರಾಜ್ಯಪಾಲರ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಐದು ವರ್ಷಗಳ ನಂತರ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಕ್ರಮ ಸಂವಿಧಾನಬಾಹಿರ ಎಂದಿತು, ಒಕ್ಕೂಟ ತತ್ವ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಸಾರಿತು. ಆ ತೀರ್ಪಿನಿಂದ, ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯ ದುರ್ಬಳಕೆಗೆ ಬಹುಮಟ್ಟಿಗೆ ಕಡಿವಾಣ ಬಿತ್ತು. ಈಗಿನ ತೊಡಕು 200ನೇ ವಿಧಿಯದು, ಅಂದರೆ ಅಂಕಿತಕ್ಕೆ ಹೋದ ವಿಧೇಯಕಗಳದು. ನ್ಯಾಯಾಲಯ ಕಾಲಮಿತಿ ಹೇರಲಾಗದು, ಆದರೆ ರಾಜ್ಯಪಾಲರು ಅನಿರ್ದಿಷ್ಟ ಕಾಲ ಸುಮ್ಮನಿರುವಂತೆಯೂ ಇಲ್ಲ ಎಂಬುದು 2025ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಕೊಟ್ಟ ಅಭಿಪ್ರಾಯದ ಸಾರ. ಆರು ತಿಂಗಳ ಮಿತಿಯನ್ನು ಕೇಂದ್ರ–ರಾಜ್ಯ ಸಂಬಂಧಗಳ ಕುರಿತ ಪುಂಛಿ ಆಯೋಗ 2010ರಲ್ಲೇ ಸೂಚಿಸಿತ್ತು. ನ್ಯಾಯಾಲಯ ನಿಗದಿಪಡಿಸಲಾಗದ ಮಿತಿಯನ್ನು ಕೇಂದ್ರ ಮತ್ತು ರಾಜ್ಯಗಳು ಚರ್ಚಿಸಿ, ಸಂವಿಧಾನ ತಿದ್ದುಪಡಿಯ ಮೂಲಕ ತರಬಹುದು. ಅಂತಹ ಚರ್ಚೆಗೆ ಅಂತರರಾಜ್ಯ ಮಂಡಳಿಗಿಂತ ಸೂಕ್ತವಾದ ಜಾಗ ನನಗೆ ಕಾಣುವುದಿಲ್ಲ.

ದೆಹಲಿಯನ್ನು ಇಷ್ಟು ಪ್ರಶ್ನಿಸಿದ ಮೇಲೆ ಬೆಂಗಳೂರನ್ನೂ ಅಷ್ಟೇ ನೇರವಾಗಿ ಪ್ರಶ್ನಿಸದಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗೆ ಹತ್ತು ವರ್ಷ ಮೊದಲೇ, 1983ರಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ಮಾಡಿದ ರಾಜ್ಯ ನಮ್ಮದು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಗಿತ್ತು, ದೇಶವೇ ಇತ್ತ ತಿರುಗಿ ನೋಡಿತ್ತು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ; ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು ನಗರವು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದರ ನಂತರ ಒಂದು ಕಾರಣ ಬಂತು. ಈ ಅವಧಿಯಲ್ಲಿ ಬಿಜೆಪಿಯೂ ಕಾಂಗ್ರೆಸ್ಸೂ ಅಧಿಕಾರದಲ್ಲಿದ್ದವು. ತನಗಿಂತ ಕೆಳಗಿನ ಚುನಾಯಿತ ಸಂಸ್ಥೆಯನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರ ಒಕ್ಕೂಟ ತತ್ವದ ಹೆಸರಿನಲ್ಲಿ ನ್ಯಾಯ ಕೇಳಿದಾಗ ಅದರ ನೈತಿಕ ಬಲ ತಗ್ಗುತ್ತದೆ. ಅಧಿಕಾರ ದೆಹಲಿಯಿಂದ ಬಂದು ವಿಧಾನಸೌಧದಲ್ಲೇ ನಿಂತುಬಿಟ್ಟರೆ ಗುರುಮಠಕಲ್ಲಿನ ರೈತನಿಗೂ ಹೆಗ್ಗಡದೇವನಕೋಟೆಯ ಹಾಡಿಯ ಹೆಣ್ಣುಮಗಳಿಗೂ ಏನು ಸಿಕ್ಕಂತಾಯಿತು?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕೇಂದ್ರ ಸರ್ಕಾರವು ಅಂತರರಾಜ್ಯ ಮಂಡಳಿಯ ಸಭೆಯನ್ನು ಕೂಡಲೇ ಕರೆಯಬೇಕು, ಮತ್ತು ವರ್ಷಕ್ಕೆ ಮೂರು ಸಭೆ ಎಂಬ 1990ರ ಆದೇಶದ ಮಾತನ್ನು ಪಾಲಿಸಬೇಕು. ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕು ಯಾವುದೇ ಮುಖ್ಯಮಂತ್ರಿಗೂ ಇರಬೇಕು. ಒಮ್ಮತ ಮೂಡಿತೋ ಇಲ್ಲವೋ ಎಂಬುದನ್ನು ಅಧ್ಯಕ್ಷರೊಬ್ಬರೇ ನಿರ್ಧರಿಸುವ ಈಗಿನ ನಿಯಮದ ಬದಲು ಭಿನ್ನಾಭಿಪ್ರಾಯವನ್ನೂ ದಾಖಲಿಸಿ ಪ್ರಕಟಿಸಬೇಕು. ಸೆಸ್ ಮತ್ತು ಸರ್‌ಚಾರ್ಜ್‌ಗಳಿಗೆ ಒಂದು ಮಿತಿ, ಮಿತಿ ದಾಟಿದ ಮೊತ್ತಕ್ಕೆ ಹಂಚಿಕೆಯ ನಿಯಮ ಅನ್ವಯವಾಗುವುದು, ಸಮವರ್ತಿ ಪಟ್ಟಿಯ ಮಸೂದೆಗಳ ಮೇಲೆ ಕಡ್ಡಾಯ ಸಮಾಲೋಚನೆ, ವಿಪತ್ತು ಪರಿಹಾರಕ್ಕೆ ನಿಗದಿತ ಗಡುವು, ಇವು ಮೊದಲ ಸಭೆಯಲ್ಲೇ ಚರ್ಚೆಗೆ ಬರಬೇಕಾದ ವಿಷಯಗಳು. 2026ರ ನಂತರದ ಮೊದಲ ಜನಗಣತಿಯ ಆಧಾರದ ಮೇಲೆ ಲೋಕಸಭಾ ಕ್ಷೇತ್ರಗಳ ಮರುಹಂಚಿಕೆಯ ಪ್ರಶ್ನೆ ಏಳಲಿದೆ. ಜನಸಂಖ್ಯೆಯನ್ನು ನಿಯಂತ್ರಿಸಿದ ರಾಜ್ಯಗಳ ಆತಂಕ, ಜನಸಂಖ್ಯೆ ಹೆಚ್ಚಿರುವ ರಾಜ್ಯಗಳ ನ್ಯಾಯವಾದ ಬೇಡಿಕೆ ಎರಡೂ ಎದುರುಬದುರಾಗುವ ಆ ಸಂದರ್ಭಕ್ಕೆ ಮೊದಲೇ ಮಂಡಳಿ ಕೆಲಸ ಆರಂಭಿಸಿರಬೇಕು.

ಕರ್ನಾಟಕದಿಂದ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸದಸ್ಯರಿದ್ದಾರೆ. ಮಂಡಳಿಯ ಸಭೆ ಯಾವಾಗ ಎಂಬ ಒಂದು ಪ್ರಶ್ನೆಯನ್ನು ಪಕ್ಷಭೇದವಿಲ್ಲದೆ ಇವರೆಲ್ಲರೂ ಮುಂದಿನ ಅಧಿವೇಶನದಲ್ಲಿ ಲಿಖಿತವಾಗಿ ಕೇಳಲಿ. ರಾಜ್ಯ ಸರ್ಕಾರ ವಿಧಾನಮಂಡಲದ ಎರಡೂ ಸದನಗಳಲ್ಲಿ ಅದೇ ಅರ್ಥದ ನಿರ್ಣಯ ಅಂಗೀಕರಿಸಲಿ, ಬಾಕಿ ಉಳಿದಿರುವ ಸ್ಥಳೀಯ ಸಂಸ್ಥೆಗಳ ಚುನಾವಣೆಯ ದಿನಾಂಕಗಳನ್ನೂ ಅದೇ ಅಧಿವೇಶನದಲ್ಲಿ ಸದನಕ್ಕೆ ತಿಳಿಸಲಿ. ಯಾವ ಸದಸ್ಯರು ಪ್ರಶ್ನೆ ಕೇಳಿದರು, ಯಾರು ಕೇಳಲಿಲ್ಲ, ಏನು ಉತ್ತರ ಬಂತು ಎಂಬುದನ್ನು ನಿಮ್ಮ ಪತ್ರಿಕೆ ಹೆಸರು ಸಮೇತ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,
ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ